ಬೋರಲು ಹಾಕಿದ ಗ್ಲಾಸು

ಗದಗಿನ ಹಳೇ ಬಸ್ ನಿಲ್ದಾಣದ ಹಿಂದೆ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಒಂದು ಅಂಗಡಿಯಿತ್ತು. ಅದರ ಹಿಂಬದಿಯ ಖೋಲಿಯಲ್ಲಿ ರವಿವಾರಕ್ಕೊಮ್ಮೆ ಹತ್ತೆಂಟು ಜನ ಸೇರಿ, ಇನ್ನೂ ಹುಟ್ಟದ ಸಾಮ್ರಾಜ್ಯಗಳ ಬಗ್ಗೆ ಜಗಳವಾಡುತ್ತಿದ್ದರು. ಬಾಯಿಜಗಳ ಮಾತ್ರವಲ್ಲ. ಒಂದು ನೌಕಾಪಡೆಗೆ ಮುಂದಿನ ನಕ್ಷತ್ರದವರೆಗೆ ಇಂಧನ ಸಾಲುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಒಮ್ಮೆ ಕುರ್ಚಿಯ ಕಾಲೇ ಮುರಿದಿತ್ತು. ಹೆಂಡತಿ ಮಕ್ಕಳಿರುವ ದೊಡ್ಡ ಮನುಷ್ಯರು ಇವರು ಎಂದರೆ ಯಾರೂ ನಂಬುವ ಹಾಗಿರಲಿಲ್ಲ.

ಅವರಲ್ಲಿ ಎರಡು ಪಂಗಡ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗುಗಳು, ದ್ರೋಹಿ ಸೇನಾಪತಿಗಳು, ಏಳೇಳು ಸಂಪುಟ ಮುಗಿಯದ ಅಂತರಿಕ್ಷ ಕಾದಂಬರಿಗಳು ಬೇಕೆನ್ನುವವರು ಹಡಗಿನವರು. ಅವತ್ತು ಹಾಗಾಗದೆ ಹೀಗಾಗಿದ್ದರೆ ಇವತ್ತು ಏನಾಗಿರುತ್ತಿತ್ತು ಎಂದು ಬದಲಿ ಇತಿಹಾಸ ಕಟ್ಟುವವರು ಗೂಟದವರು. ರೈಲು ಹಳಿ ಗದಗಿಗೆ ಬರದೆ ಲಕ್ಕುಂಡಿಗೆ ಹೋಗಿದ್ದರೆ ಎಂದು ಒಬ್ಬರು ಮುನ್ನೂರು ಪುಟ ಬರೆದಿದ್ದರು. ಅದರಲ್ಲಿ ಗದಗು ಕುರಿ ಮೇಯುವ ಬಯಲಾಗಿತ್ತು. ಅವರು ಅದನ್ನು ಓದಿದ್ದು ಕೇಳಿ ಊರಿನ ಮೇಲಿನ ಅಭಿಮಾನಕ್ಕೆ ಇಬ್ಬರು ಬಳಗವನ್ನೇ ಬಿಟ್ಟುಹೋದರು.

ಗೂಟ ಎನ್ನುವುದು ಅವರದೇ ಮಾತು. ಬದಲಿ ಇತಿಹಾಸ ಬರೆಯುವವನು ನಡೆದುಹೋದದ್ದರಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಬಹುದು. ಎರಡನೆಯದಕ್ಕೆ ಕೈ ಹಾಕಿದರೆ ಮೋಸ. ಆ ಒಂದನ್ನು ಮೊದಲ ಪುಟದಲ್ಲೇ, ಎಲ್ಲರ ಕಣ್ಣೆದುರಿಗೆ ಆದರೆ ಯಾರಿಗೂ ಹೊಳೆಯದ ಹಾಗೆ ನೆಟ್ಟಿರಬೇಕು. ಆಮೇಲೆ ಅವನ ಲೋಕವೆಲ್ಲ ಕಟ್ಟಿಹಾಕಿದ ಆಕಳಿನ ಹಾಗೆ ಹಗ್ಗದ ಅಳತೆಯೊಳಗೇ ಮೇಯಬೇಕು. ಬರೆದವನು ಓದುತ್ತ ಹೋದಂತೆ ಗೂಟ ಯಾರಿಗೆ ಸಿಗುತ್ತದೋ ಅವರು ಬಾಯಿ ಬಿಡಬಾರದು, ಉಳಿದವರ ಸುಖ ಕೆಡುತ್ತದೆ. ಚಹಾ ಕುಡಿದ ಗ್ಲಾಸನ್ನು ಸುಮ್ಮನೆ ಮೇಜಿನ ಮೇಲೆ ಬೋರಲು ಹಾಕಬೇಕು. ಕಥೆ ಮುಗಿದ ಮೇಲೆ ಬರೆದವನೇ ಎದ್ದು ಬಂದು ಆ ಗ್ಲಾಸು ಎತ್ತಿ ಅದಕ್ಕೆ ಹೊಸ ಚಹಾ ಸುರಿಯಬೇಕು. ಅಲ್ಲಿಗೆ ಆ ಲೋಕ ಮುಗಿಯಿತು, ಎಲ್ಲರೂ ಮನೆಗೆ ಹೋಗಬಹುದು.

ಫಕೀರೇಶ ಹೊಂಬಳ ಗೂಟದವರ ಪೈಕಿ ಎಲ್ಲರಿಗಿಂತ ಹಟಮಾರಿ. ಹೊಟ್ಟೆಪಾಡಿಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎನ್ನುತ್ತಾರಲ್ಲ, ಇವನಿಗೆ ಮದುವೆಯಾಯಿತು, ಹುಚ್ಚು ಮಾತ್ರ ಬಿಡಲಿಲ್ಲ. ಹೆಂಡತಿ ಮಹಾನಂದಾ ಆಸ್ಪತ್ರೆಯಲ್ಲಿ ನರ್ಸ್. ನಡೆದದ್ದನ್ನು ನಿಭಾಯಿಸುವುದರಲ್ಲೇ ಅವಳಿಗೆ ದಿನ ಮುಗಿಯುತ್ತಿತ್ತು. ಹಡಗಿನವರ ಪೈಕಿ ದೊಡ್ಡ ಗಂಟಲು ದಾಕ್ಷಾಯಣಿ ಕವಲೂರಳದು. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದಳು. ಫಕೀರೇಶನ ಕಥೆಗಳ ಗೂಟ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ, ಅರ್ಧ ಗ್ಲಾಸು ಚಹಾ ಮುಗಿಯುವುದರೊಳಗೆ ಬೋರಲು ಹಾಕಿ ನಗುತ್ತ ಕೂತಿರುತ್ತಿದ್ದಳು. ಹೇಗೆ ಸಿಕ್ಕಿತು ಎಂದರೆ, ನಿನ್ನ ಲೋಕದಾಗ ಎಲ್ಲಾದಕ್ಕೂ ಕಾರಣ ಇರ್ತಾವ, ನಿಜವಾದ ಲೋಕದಾಗ ಇರೂದಿಲ್ಲ ಎನ್ನುತ್ತಿದ್ದಳು.

ಕಪ್ಪತಗುಡ್ಡದ ಮಗ್ಗುಲಲ್ಲಿ ಎಂದೋ ಚಿನ್ನ ಅಗೆದು ಬಿಟ್ಟುಹೋದ ಗಣಿಗಳಿವೆ. ಅವುಗಳಲ್ಲೊಂದರ ತಳದಲ್ಲಿ ಒಂದು ಸಂಸ್ಥೆಯವರು 'ಅನಂತಯಾನ' ಎಂಬ ಹಡಗನ್ನು ಇಟ್ಟರು. ಹಾರದ ಹಡಗು. ಮುಂದೆ ಎಂದಾದರೂ ಮನುಷ್ಯರು ವರ್ಷಗಟ್ಟಲೆ ಅಂತರಿಕ್ಷದಲ್ಲಿ ಹೋಗುವುದಾದರೆ, ಒಂದೇ ಗೂಡಿನಲ್ಲಿ ಬಿದ್ದಿರುವ ಮನಸ್ಸು ಏನಾಗುತ್ತದೆ ಎಂದು ಪರೀಕ್ಷಿಸುವ ಉಪಾಯ ಅದು. ಐದು ಜನರನ್ನು ಒಳಗಿಟ್ಟು ಎರಡು ವರ್ಷ ಬಾಗಿಲು ಹಾಕುವುದು. ಅವರದೇ ಗಾಳಿ, ಅವರದೇ ನೀರು, ಒಳಗೆಲ್ಲ ಕ್ಯಾಮೆರಾ, ಮೇಲೆ ನಿಯಂತ್ರಣ ಕೊಠಡಿಯಲ್ಲಿ ಅದರ ಪರದೆ. ನಿಜವಾದ ಪ್ರಯಾಣದ ಹಾಗೆಯೇ, ಇಲ್ಲಿ ಆಡಿದ ಮಾತು ಅಲ್ಲಿಗೆ ಅರ್ಧ ತಾಸು ತಡವಾಗಿ ಮುಟ್ಟಬೇಕು. ಆದ್ದರಿಂದ ಎದುರುಬದುರು ಮಾತಿಲ್ಲ. ಮಾತನ್ನು ಧ್ವನಿಮುದ್ರಿಸಿ ಕಳಿಸುವುದು, ಉತ್ತರಕ್ಕೆ ಕಾಯುವುದು.

ಊರವರು ಅದನ್ನು ಡಬ್ಬಿ ಎಂದು ಕರೆದರು. ಒಂದು ತಿಂಗಳಲ್ಲಿ ಒಳಗಿದ್ದವರೂ ಹಾಗೆಯೇ ಕರೆಯತೊಡಗಿದರು.

ದಾಕ್ಷಾಯಣಿ ಆ ಐವರಲ್ಲಿ ಒಬ್ಬಳು, ಗಾಳಿ ನೀರಿನ ಯಂತ್ರಗಳ ಹೊಣೆ ಅವಳದು. ಆಕಾಶದ ಕಥೆಗಳನ್ನೇ ಉಂಡು ಬೆಳೆದವಳಿಗೆ ಕೊನೆಗೆ ಸಿಕ್ಕಿದ್ದು ಗುಡ್ಡದ ಹೊಟ್ಟೆ. ಆದರೂ ಸಂಭ್ರಮದಿಂದ ಹೋದಳು. ಕಾದಂಬರಿಗಳಲ್ಲಿ ಹಡಗಿನೊಳಗೆ ಕಾಲುಚೀಲದ ವಾಸನೆ ಬರುತ್ತದೆಂದು ಯಾವ ಲೇಖಕನೂ ಬರೆದಿಲ್ಲ ಎಂದು ಮೊದಲ ವಾರವೇ ದೂರು ಕಳಿಸಿದಳು. ಹೋಗುವ ಮುಂಚೆ ಫಕೀರೇಶನಿಗೂ ಅಲ್ಲೊಂದು ಕೆಲಸ ಕೊಡಿಸಿದ್ದಳು: ಒಳಗಿನವರಿಗೆ ದಿನಕ್ಕೊಂದು ಸುದ್ದಿಪ್ರಸಾರ ಸಿದ್ಧಪಡಿಸುವುದು. ಮನಸ್ಸು ಕೆಡಿಸುವಂಥದ್ದನ್ನು ಸೋಸಿ ಕಳಿಸಬೇಕೆಂದು ನಿಯಮವಿತ್ತು, ಅದಕ್ಕೆ ಐವರೂ ಮೊದಲೇ ಒಪ್ಪಿದ್ದರು.

ಮೊದಲ ಆರು ತಿಂಗಳು ಸೋಸುವುದು ಸುಲಭವಿತ್ತು. ಆಮೇಲೆ ಜ್ವರ ಬಂತು. ದೂರದ ಬಂದರೊಂದಕ್ಕೆ ಬಂದ ಸರಕಿನ ಹಡಗಿನಿಂದ ಇಳಿದು, ತಿಂಗಳೊಳಗೆ ಊರೂರಿಗೆ ಹಬ್ಬಿತು. ಬಂದರು ಜ್ವರ ಎಂದೇ ಹೆಸರಾಯಿತು. ಶಾಲೆ, ಸಂತೆ, ಮದುವೆ, ಕ್ರಿಕೆಟ್ಟು ಎಲ್ಲದರ ಸುದ್ದಿಯಲ್ಲೂ ಜ್ವರವೇ. ಸೋಸಿದರೆ ಏನೂ ಉಳಿಯುತ್ತಿರಲಿಲ್ಲ. ನಿರ್ದೇಶಕಿ ಡಾ. ವತ್ಸಲಾ ಇನಾಂದಾರ ತಲೆ ಹಿಡಿದುಕೊಂಡು ಕೂತರು. ಸುದ್ದಿ ನಿಲ್ಲಿಸಿದರೆ ಒಳಗಿನವರು ಗಾಬರಿಯಾಗುತ್ತಾರೆ. ಹೇಳಿದರೆ ಹೊರಗೆ ಬರುತ್ತೇವೆನ್ನುತ್ತಾರೆ, ಬಾಗಿಲು ತೆಗೆದರೆ ಜ್ವರ ಒಳಗೇ ನುಗ್ಗುತ್ತದೆ. ಆ ಹೊತ್ತಿನಲ್ಲಿ ಜಗತ್ತಿನಲ್ಲೇ ಸುರಕ್ಷಿತವಾದ ಜಾಗ ಆ ಡಬ್ಬಿಯೇ ಆಗಿತ್ತು.

ಆಗ ಫಕೀರೇಶ ಮೆಲ್ಲಗೆ, ಜ್ವರವೇ ಬರದ ಒಂದು ಲೋಕವನ್ನು ಬರೆಯಬಹುದಲ್ಲ ಮೇಡಂ ಎಂದ. ಜೀವಮಾನವಿಡೀ ಅವನು ಕಾದದ್ದು ಈ ಮಾತು ಹೇಳುವುದಕ್ಕೇ ಇರಬೇಕು. ಇನಾಂದಾರ ಅವರು ಅವನನ್ನು ಒಂದು ಕ್ಷಣ ನೋಡಿ, ಎಲ್ಲೂ ತಪ್ಪು ಸಿಗಬಾರದು ಎಂದರು. ಸಿಗುವುದಿಲ್ಲ ಎಂದು ಇವನು ಹೇಳಿದ. ಮನೆಯವರು ಒಳಗೆ ಕಳಿಸುವ ಮಾತಿನಲ್ಲೂ ಜ್ವರದ ಹೆಸರು ಬರಕೂಡದೆಂದು ತಾಕೀತು ಹೋಯಿತು.

ಮರುದಿನದ ಪ್ರಸಾರದಲ್ಲಿ ಒಂದು ಸಾಲು ಇತ್ತು: ಬಂದರಿಗೆ ಬರಬೇಕಿದ್ದ ಸರಕಿನ ಹಡಗೊಂದು ಎಂಜಿನ್ ಕೆಟ್ಟು ನಡುಸಮುದ್ರದಿಂದಲೇ ಹಿಂತಿರುಗಿದೆ. ಆ ಸಾಲು ಯಾರಿಗೂ ಬೇಕಿರಲಿಲ್ಲ. ಸಂಸ್ಥೆ ಕೇಳಿರಲಿಲ್ಲ, ಬಿಟ್ಟಿದ್ದರೆ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಆದರೆ ಮೊದಲ ಪುಟದಲ್ಲಿ ಗೂಟ ನೆಡದೆ ಕಥೆ ಶುರುಮಾಡಿದರೆ ಮೋಸವಲ್ಲವೇ? ಸುಳ್ಳು ಹೇಳುವಾಗಲೂ ಪ್ರಾಮಾಣಿಕನಾಗಿರಬೇಕೆನ್ನುವ ಹುಚ್ಚು ಈ ಬಳಗದವರಿಗೆ ಬಿಟ್ಟರೆ ಇನ್ನಾರಿಗೆ ಇರುತ್ತದೆ!

ಅಲ್ಲಿಂದ ಅವನು ಎರಡು ಲೋಕಗಳಲ್ಲಿ ಬದುಕತೊಡಗಿದ. ಬೆಳಗ್ಗೆ ಮನೆಯಲ್ಲಿ ಮಹಾನಂದಾ ಮಾಸ್ಕಿನ ಗೆರೆ ಬಿದ್ದ ಮುಖದಲ್ಲಿ ಆಸ್ಪತ್ರೆಯಿಂದ ಬಂದು, ಮಾತಾಡದೆ ಬಚ್ಚಲಿಗೆ ಹೋಗುತ್ತಿದ್ದಳು. ಅವಳ ವಾರ್ಡಿನಲ್ಲಿ ಹಾಸಿಗೆಗಳ ನಡುವೆ ಚಾಪೆ ಹಾಸಿದ್ದರು. ಇವನು ಗುಡ್ಡಕ್ಕೆ ಹೋಗಿ ಗದಗಿನ ಸಂತೆ ತುಂಬಿಸುತ್ತಿದ್ದ, ಕ್ರಿಕೆಟ್ ಪಂದ್ಯ ಗೆಲ್ಲಿಸುತ್ತಿದ್ದ, ಶಾಲೆಗಳ ವಾರ್ಷಿಕೋತ್ಸವ ಮಾಡಿಸುತ್ತಿದ್ದ. ಈರುಳ್ಳಿಯ ದರ ಕೂಡ ಜ್ವರವಿಲ್ಲದಿದ್ದರೆ ಎಷ್ಟಿರಬೇಕೋ ಅಷ್ಟೇ ಇರುತ್ತಿತ್ತು. ಅವನಿಗೆ ಅದರಲ್ಲಿ ಸುಖ ಸಿಗುತ್ತಿತ್ತು ಎಂದು ಹೇಳಲೇಬೇಕು. ಗುಡ್ಡ ಇಳಿಯುವಾಗ ಹೆಜ್ಜೆ ನಿಧಾನವಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ದಾಕ್ಷಾಯಣಿಯ ತಾಯಿ ಬಸಲಿಂಗವ್ವ ಜ್ವರದಿಂದ ತೀರಿಕೊಂಡಳು. ಐವತ್ತೈದು ದಾಟದ ಗಟ್ಟಿ ಹೆಂಗಸು. ಕುಣಿಮಗ್ಗದಲ್ಲಿ, ನೆಲ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಲಾಳಿ ಓಡಿಸುತ್ತಲೇ ಮಗಳಿಗೆ ವಾರಕ್ಕೊಮ್ಮೆ ಮಾತು ಕಳಿಸುತ್ತಿದ್ದಳು. ಮಾತಿನ ಹಿಂದೆ ಮಗ್ಗದ ಏಟು ಬೀಳುತ್ತಲೇ ಇರುತ್ತಿತ್ತು. 'ಏ ಹುಡುಗಿ, ಉಂಡೀ?' ಎಂದು ಶುರು, 'ಎಳಿ ಹರೀತ ನೋಡು, ಇಡ್ತೇನಿ' ಎಂದು ಮುಕ್ತಾಯ. ಎಳೆ ಹರಿದಿರಲಿ ಬಿಡಲಿ, ಸಾಕೆನಿಸಿದಾಗ ಹಾಗೆ ಹೇಳಿ ನಿಲ್ಲಿಸುವುದು ಅವಳ ರೂಢಿ. ಅವಳು ಹೋಗುವಾಗ ಪಕ್ಕದಲ್ಲಿದ್ದ ನರ್ಸು ಮಹಾನಂದಾ. ಸುದ್ದಿ ಫಕೀರೇಶನಿಗೆ ಬಂದದ್ದು ಹೆಂಡತಿಯ ಬಾಯಿಂದಲೇ.

ನಿಯಂತ್ರಣ ಕೊಠಡಿಯಲ್ಲಿ ಇನಾಂದಾರ ಅವರು, ಮನೆಯ ಕಡೆಯ ಯಂತ್ರ ಕೆಟ್ಟಿದೆ, ರಿಪೇರಿ ತಡವಾಗುತ್ತದೆ ಎಂದು ಹೇಳಿಬಿಡೋಣ ಎಂದರು. ಸಾಮಾನ್ಯ ಮನುಷ್ಯನಾಗಿದ್ದರೆ ಹೂಂ ಎಂದು ಸುಮ್ಮನಾಗುತ್ತಿದ್ದ. ಫಕೀರೇಶನಿಗೆ ಆಗಲಿಲ್ಲ. ಹಡಗು ಹಿಂತಿರುಗಿದ ಲೋಕದಲ್ಲಿ ಜ್ವರವಿಲ್ಲ. ಜ್ವರವಿಲ್ಲವೆಂದ ಮೇಲೆ ಬಸಲಿಂಗವ್ವ ಸಾಯುವುದಕ್ಕೆ ಕಾರಣವಿಲ್ಲ. ಬದುಕಿರುವ ಬಸಲಿಂಗವ್ವ ತಿಂಗಳುಗಟ್ಟಲೆ ಮಗಳೊಡನೆ ಮಾತಾಡದೆ ಇರುವವಳಲ್ಲ, ಯಂತ್ರ ಕೆಟ್ಟರೆ ಗುಡ್ಡ ಹತ್ತಿ ಬಂದು ಜಗಳ ತೆಗೆಯುವವಳು. "ನಮ್ಮ ಲೋಕದಾಗ ಆಕಿ ಸತ್ತಿಲ್ರಿ ಮೇಡಂ" ಎಂದ, ಗಣಿತದ ಲೆಕ್ಕ ಬಿಡಿಸಿದವನ ಹಾಗೆ.

ಸಂಸ್ಥೆಯಲ್ಲಿ ದನಿಯಂತ್ರವಿತ್ತು. ಒಬ್ಬರ ಮಾತು ಒಂದಷ್ಟು ತಾಸು ಅದರೊಳಗೆ ಹಾಕಿದರೆ, ಅವರ ಉಸಿರು, ಎಳೆತ, ಕೆಮ್ಮು ಎಲ್ಲ ಕಲಿತು, ನಾವು ಬರೆದುಕೊಟ್ಟದ್ದನ್ನು ಅವರ ದನಿಯಲ್ಲೇ ಹೇಳುತ್ತದೆ. ಬಸಲಿಂಗವ್ವನ ಮಾತು ಬೇಕಾದಷ್ಟು ಕೂಡಿತ್ತು. ಆದರೆ ಯಂತ್ರಕ್ಕೆ ದನಿ ಮಾತ್ರ ಗೊತ್ತು, ಮಗ್ಗ ಗೊತ್ತಿಲ್ಲ. ಮಗ್ಗದ ಸದ್ದನ್ನು ಬೇರೆಯಾಗಿ ತರಬೇಕಾಯಿತು.

ಮಣ್ಣಾಗಿ ಇನ್ನೂ ಮೂರು ದಿನವಾಗಿತ್ತಷ್ಟೇ. ಫಕೀರೇಶ ಬೆಟಗೇರಿಯ ಆ ಮನೆಗೆ ಹೋದಾಗ ಬಸಲಿಂಗವ್ವನ ತಂಗಿ ಪಾರವ್ವ ಪಡಸಾಲೆಯಲ್ಲಿ ಕೂತಿದ್ದಳು. ಅಕ್ಕ ತಂಗಿ ಒಂದೇ ಮನೆಯಲ್ಲಿ ಎರಡು ಮಗ್ಗ ಹಾಕಿಕೊಂಡಿದ್ದವರು. ಪಾರವ್ವನದು ನೆಲದ ಮೇಲಿನ ಚೌಕಟ್ಟಿನ ಮಗ್ಗ. ಮನೆಯಲ್ಲಿ ಸಾವಾದರೆ ದಿನಕರ್ಮ ಮುಗಿಯುವವರೆಗೆ ಮಗ್ಗ ಮುಟ್ಟಬಾರದು. ಎರಡೂ ಮಗ್ಗಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಇವನು ತಲೆ ತಗ್ಗಿಸಿ ವಿಷಯ ಹೇಳಿದ: ಮಗಳಿಗೆ ತಿಳಿದರೆ ಬಾಗಿಲು ತೆಗೆಸುತ್ತಾಳೆ, ತೆಗೆಸಿದರೆ ಐದು ಜೀವಕ್ಕೆ ಅಪಾಯ. ಅದಕ್ಕೆ ನೀವೂ ಎಲ್ಲೂ ಏನೂ ಹೇಳಕೂಡದು. ಮತ್ತೆ, ಅಕ್ಕನ ಮಗ್ಗದಲ್ಲಿ ಕೂತು ಸ್ವಲ್ಪ ನೇಯಬೇಕು.

"ನನ್ನ ಮಗ್ಗದ ಮ್ಯಾಲೆ ನೇದರ ಆಗೂದಿಲ್ಲೇನ್ರಿ?" ಎಂದು ಪಾರವ್ವ ಕೇಳಿದಳು. ಆಗುವುದಿಲ್ಲ, ಎರಡು ಮಗ್ಗಗಳ ಸದ್ದು ಬೇರೆ, ದಾಕ್ಷಾಯಣಿಗೆ ಗೊತ್ತಾಗುತ್ತದೆ ಎಂದ. ಅಷ್ಟು ಜಾಗ್ರತೆಯ ಮನುಷ್ಯ.

"ಅಕ್ಕ ಇದ್ದಾಗ ಒಂದ ದಿನಾನೂ ಈ ಕುಣಿಯೊಳಗ ನನಗ ಕಾಲ ಇಡಗೊಟ್ಟಿಲ್ಲ" ಎಂದು ಹೇಳಿ ಪಾರವ್ವ ಬಟ್ಟೆ ಸರಿಸಿದಳು. ಕಾಲು ಇಳಿಬಿಟ್ಟು ಕೂತು, ಅಳುತ್ತಲೇ ನೇಯ್ದಳು. ಫಕೀರೇಶ ಯಂತ್ರ ಹಿಡಿದುಕೊಂಡು, ಅಳುವಿನ ಸದ್ದು ಸೇರದಿರಲಿ ಎಂದು ಕೈಸನ್ನೆ ಮಾಡಿದ. ಅವಳು ಸೆರಗಿನ ತುದಿಯನ್ನು ಬಾಯಿಗೆ ಕಚ್ಚಿಕೊಂಡು ಲಾಳಿ ಓಡಿಸಿದಳು.

ಮೊದಲ ಮಾತು ಹೋಯಿತು. ಏ ಹುಡುಗಿ, ಉಂಡೀ? ಫಕೀರೇಶ ಅವತ್ತು ದನಿಯಂತ್ರದ ಮುಂದೆ ಉಗುರು ಕಚ್ಚುತ್ತ ಕೂತಿದ್ದ. ತಾಸಾದ ಮೇಲೆ ಉತ್ತರ ಬಂತು, ಎಂದಿನ ಹಾಗೆಯೇ, ಉಂಡೆ ಅವ್ವಾ, ಇವತ್ತ ಒಣ ಹಿಟ್ಟಿನ ಜುಣಕ ಎಂದು. ದನಿ ಸ್ವಲ್ಪ ಕಟ್ಟಿದಂತಿತ್ತು, ಒಳಗಿನ ಒಣ ಗಾಳಿಗೆ ಎಲ್ಲರದೂ ಹಾಗೇ ಇರುತ್ತಿತ್ತು. ಕೊಠಡಿಯಲ್ಲಿದ್ದವರು ಫಕೀರೇಶನ ಬೆನ್ನು ತಟ್ಟಿದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಫಕೀರೇಶನ ಸಂಕಟ ಅದಲ್ಲ, ಅವನಿಗೆ ಬೇಕಾದದ್ದು ನೂರು ನಿಜ. ಆ ವಾರ ಬಸಲಿಂಗವ್ವ ಯಾವ ಅಂಚು ನೇಯುತ್ತಿದ್ದಳು, ಯಾರ ಮನೆಯ ಸೀಮಂತಕ್ಕೆ ಹೋದಳು, ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚಿದಳು. ಎಲ್ಲವೂ ಹಗ್ಗದ ಅಳತೆಯೊಳಗೆ ಬರಬೇಕು. ಬರೆಯುತ್ತ ಬರೆಯುತ್ತ ಅವಳು ಅವನಿಗಿಂತ ಮುಂದೆ ಹೋಗತೊಡಗಿದಳು. ಅವನು ಯೋಚಿಸುವುದಕ್ಕಿಂತ ಮೊದಲೇ ಅವಳು ಬೈಯುತ್ತಿದ್ದಳು, ನಗಿಸುತ್ತಿದ್ದಳು. ಮಗಳು ತನ್ನ ದುಃಖ ಸುಖ ಹೇಳಿಕೊಂಡಾಗ ಉತ್ತರ ಕೊಡುವವಳು ಅವಳೇ, ಅವನು ಬರೀ ಕೀಲಿ ಒತ್ತುವವನು. ಅವನಿಗೆ ಎಳವೆಯಲ್ಲೇ ತಾಯಿ ಹೋಗಿದ್ದಳು. ಆ ಹೆಂಗಸಿನ ಮೇಲೆ ಅವನಿಗೆ ಪ್ರೀತಿ ಹುಟ್ಟಿಬಿಟ್ಟಿತು.

ಒಂದು ದಿನ ಮನೆಯಲ್ಲಿ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದವನು, ಎಳಿ ಹರೀತ ನೋಡ್ರಿ, ಇಡ್ತೇನಿ ಎಂದು ಫೋನ್ ಇಟ್ಟ. ಅನ್ನ ಬಡಿಸುತ್ತಿದ್ದ ಮಹಾನಂದಾ ಸೌಟು ಹಿಡಿದುಕೊಂಡೇ ನಿಂತಳು. ತಿಂಗಳುಗಟ್ಟಲೆ ಅವಳು ಏನೂ ಕೇಳಿರಲಿಲ್ಲ, ಕೇಳುವ ಶಕ್ತಿಯೂ ಇರಲಿಲ್ಲ. ಅವತ್ತು ಕೇಳಿದಳು, ಇದೆಲ್ಲ ಇನ್ನೂ ಎಷ್ಟು ದಿನ ಎಂದು. ಬಾಗಿಲು ತೆರೆಯುವವರೆಗೆ ಎಂದ. ಬಾಗಿಲು ತೆರೆದ ಮೇಲೆ ಏನೆಂದು ಹೇಳುತ್ತೀ ಎಂದಳು. ಆ ಹುಡುಗಿಯ ಒಳ್ಳೆಯದಕ್ಕೇ ಮಾಡಿದ್ದು ಎಂದು ತೊದಲಿದ.

"ನಾ ಆಕಿ ಕಣ್ಣು ಮುಚ್ಚೇನಿ, ಈ ಕೈಲೇ" ಎಂದಳು ಮಹಾನಂದಾ. "ನೀ ದಿನಾ ತೆರೀತಿ. ಆ ಮಗಳಿಗೆ ಅಳಾಕ ಒಂದ ಜಾಗಾನೂ ಬಿಟ್ಟಿಲ್ಲ ನೀ."

ಅನ್ನ ಆರಿಹೋಯಿತು. ಆಕೆ ಹೇಳಿದ್ದು ನಿಜ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಗೊತ್ತಾಗುವುದಕ್ಕೂ ಬಿಡಿಸಿಕೊಳ್ಳುವುದಕ್ಕೂ ಬಹಳ ದೂರ. ಮಾತು ನಿಲ್ಲಿಸಿದರೆ ಬಸಲಿಂಗವ್ವನನ್ನು ತಾನೇ ಕೊಂದ ಹಾಗೆ. ಮುಂದುವರಿಸಿದರೆ ಅವಳು ಸತ್ತದ್ದನ್ನು ಕದ್ದ ಹಾಗೆ. ತಾನೇ ನೆಟ್ಟ ಗೂಟಕ್ಕೆ ತನ್ನ ಕೊರಳೇ ಸಿಕ್ಕಿಬಿದ್ದಿತ್ತು, ಮಾಡಿದ್ದುಣ್ಣೋ ಮಹರಾಯ ಎಂದು ನಗುವವರೂ ಅಲ್ಲಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಜ್ವರ ಇಳಿಯಿತು. ಬಾಗಿಲು ತೆರೆಯಲು ಕೆಲವೇ ವಾರ ಉಳಿದವು. ಫಕೀರೇಶ ಇನಾಂದಾರ ಅವರ ಹತ್ತಿರ ಹೋಗಿ, ದಾಕ್ಷಾಯಣಿಗೆ ಈಗಲೇ ನಿಜ ಹೇಳಬೇಕು ಎಂದ. ಅವರು, ಹೊರಗೆ ಬಂದ ಮೇಲೆ ಡಾಕ್ಟರು ಹೇಳುತ್ತಾರೆ, ನೀವು ಕೈ ಹಾಕಬೇಡಿ ಎಂದು ಖಂಡಿತವಾಗಿ ನುಡಿದರು. ಇವನು ಕೇಳುವ ಹಾಗಿರಲಿಲ್ಲ. ತಾನೇ ಹೇಗಾದರೂ ಹೇಳುವುದೆಂದು ನಿಶ್ಚಯಿಸಿ, ತಾಯಿಯ ಮಾತು ಕೇಳಿದ ಮೇಲೆ ಅವಳು ಹೇಗಿರುತ್ತಾಳೆ, ಯಾವ ಹೊತ್ತಿನಲ್ಲಿ ಹೇಳಿದರೆ ತಡೆದುಕೊಂಡಾಳು ಎಂದು ನೋಡಲು ಊಟದ ಕೋಣೆಯ ಕ್ಯಾಮೆರಾ ಹಿಡಿದಿದ್ದ ಹಳೆಯ ಚಿತ್ರಗಳನ್ನು ತೆಗೆಸಿದ. ಇಷ್ಟು ದಿನ ಅವನು ಅವಳ ದನಿ ಕೇಳಿದ್ದನೇ ಹೊರತು ಮುಖ ನೋಡಿರಲಿಲ್ಲ. ಬರೆಯುವುದರಲ್ಲಿ ಪುರುಸೊತ್ತು ಎಲ್ಲಿತ್ತು?

ಪರದೆಯ ಮೇಲೆ ಸಣ್ಣ ಮೇಜು, ಅವಳು ಒಬ್ಬಳೇ ಕೂತು ತಾಯಿಯ ಮಾತು ಕೇಳುತ್ತಿದ್ದಳು. ನಗುವಲ್ಲಿ ನಗುತ್ತಿದ್ದಳು. ಎದುರಿಗೆ ಸ್ಟೀಲಿನ ಗ್ಲಾಸು ಬೋರಲು ಬಿದ್ದಿತ್ತು.

ಅವನು ಬೇರೊಂದು ದಿನದ ಚಿತ್ರ ತೆಗೆದ. ಗ್ಲಾಸು ಬೋರಲು. ಅದರ ಹಿಂದಿನ ತಿಂಗಳು, ಅದರ ಹಿಂದಿನದು. ಉಳಿದ ನಾಲ್ವರ ಗ್ಲಾಸುಗಳು ನೆಟ್ಟಗಿದ್ದವು. ಇವಳು ಮಾತ್ರ ನೀರು ಕುಡಿದು, ಒರೆಸಿ, ಕ್ಯಾಮೆರಾಕ್ಕೆ ಕಾಣುವ ಹಾಗೆ ಮೇಜಿನ ಅಂಚಿನಲ್ಲಿ ಬೋರಲು ಹಾಕುತ್ತಿದ್ದಳು. ಸರಕಿನ ಹಡಗು ಹಿಂತಿರುಗಿದ ದಿನಕ್ಕೆ ಹೋದ. ಐವರೂ ಊಟ ಮಾಡುತ್ತ ಪ್ರಸಾರ ಕೇಳುತ್ತಿದ್ದರು. ಅದು ಮುಗಿಯುತ್ತಲೂ ದಾಕ್ಷಾಯಣಿ ತಟ್ಟನೆ ತಲೆಯೆತ್ತಿ, ನೇರ ಕ್ಯಾಮೆರಾದ ಕಡೆ ನೋಡಿ, ಬಾಯಿ ತುಂಬ ನಕ್ಕು ಗ್ಲಾಸು ಬೋರಲು ಹಾಕಿದಳು. ರವಿವಾರದ ಖೋಲಿಯಲ್ಲಿ ನಗುತ್ತಿದ್ದ ಅದೇ ನಗೆ.

ಆಮೇಲೆ ಅವನು ತಾಯಿಯ ಮೊದಲ ಸುಳ್ಳು ಮಾತು ಹೋದ ದಿನದ್ದನ್ನು ನೋಡಿದ. ನೋಡಬಾರದಿತ್ತು. ಅವಳು ಕೇಳುತ್ತಿದ್ದಳು, ಅರ್ಧದಲ್ಲಿ ಮುಖ ಕಲ್ಲಾಯಿತು. ಇನ್ನೊಮ್ಮೆ ಹಾಕಿ ಕೇಳಿದಳು. ಗ್ಲಾಸನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಅದನ್ನು ಮತ್ತೆ ಬೋರಲೇ ಇಟ್ಟು, ಯಂತ್ರ ಎಳೆದುಕೊಂಡು, ಉಂಡೆ ಅವ್ವಾ ಎಂದು ಹೇಳತೊಡಗಿದಳು.

ಅವನು ಪರದೆ ಆರಿಸಿ ಹೊರಗೆ ಹೋಗಿ ಗುಡ್ಡದ ಬಂಡೆಯ ಮೇಲೆ ಕೂತು ಅತ್ತ. ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ಕಾಲ, ಆ ಗೂಡಿನೊಳಗೆ, ಉಳಿದ ನಾಲ್ವರ ಎದುರಿಗೆ ಕಣ್ಣೀರು ಹಾಕದೆ ಬದುಕಿದ್ದಳು.

ಆ ವಾರ ಬಸಲಿಂಗವ್ವ ಅಂಚಿನ ವಿಷಯ, ಎಣ್ಣೆಯ ವಿಷಯ ಎಲ್ಲ ಹೇಳಿ ಕೊನೆಗೆ, ಗ್ಲಾಸು ತೊಳೆದು ಇಟ್ಟೀಯೇನ್ ಹುಡುಗಿ ಎಂದು ಕೇಳಿದಳು. ಉತ್ತರ ಎಂದಿಗಿಂತ ತಡವಾಗಿ ಬಂತು.

"ತೊಳದು ಬೋರಲ ಹಾಕೇನವ್ವಾ. ಕಥಿ ಇನ್ನೂ ಮುಗದಿಲ್ಲಲ್ಲ."

ಬಾಗಿಲು ತೆರೆದ ದಿನ ಗಣಿಯ ತಳದಲ್ಲಿ ಹೂಮಾಲೆ, ಕ್ಯಾಮೆರಾ, ಚಪ್ಪಾಳೆ. ನಾಲ್ವರು ಹೊರಗೆ ಬಂದು ಮನೆಯವರನ್ನು ತಬ್ಬಿಕೊಂಡರು. ಐದನೆಯವಳು ಬರಲಿಲ್ಲ. ಇನಾಂದಾರ ಅವರು ಡಾಕ್ಟರನ್ನು ಕಳಿಸಲು ಹೊರಟಾಗ ಫಕೀರೇಶ, ನಾನು ಹೋಗುತ್ತೇನೆ ಎಂದು ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋದ.

ಕಾಲುಚೀಲದ ವಾಸನೆ ನಿಜವಾಗಿಯೂ ಇತ್ತು. ದಾಕ್ಷಾಯಣಿ ಊಟದ ಮೇಜಿನ ಮುಂದೆ ಕೂತಿದ್ದಳು. ತೆಳ್ಳಗಾಗಿದ್ದಳು, ಬೈತಲೆಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು. ಮುಂದೆ ಬೋರಲು ಗ್ಲಾಸು, ಪಕ್ಕದಲ್ಲಿ ನೀರಿನ ತಂಬಿಗೆ. ಅವನು ಎದುರಿಗೆ ಕೂತ. ಅವಳೇ ಶುರುಮಾಡಿದಳು. ಹಡಗಿನ ಸಾಲು ಕೇಳಿದಾಗ ಖುಷಿಯಾಯಿತು ಎಂದಳು. ಫಕೀರೇಶ ನಮಗಾಗಿ ಒಂದು ಲೋಕ ಬರೆಯುತ್ತಿದ್ದಾನೆ, ಗ್ಲಾಸು ಹಾಕಿದರೆ ನೋಡುತ್ತಾನೆ ಅಂದುಕೊಂಡೆ. ದಿನಾ ಹಾಕಿದೆ, ನೀನು ನೋಡಲೇ ಇಲ್ಲ.

"ಅವ್ವನ ವಿಷಯ ಹೆಂಗ ಗೊತ್ತಾತು?" ಎಂದ ಅವನು.

"ಮಗ್ಗ ಅವ್ವಂದ. ಏಟು ಚಿಗವ್ವಂದು" ಎಂದಳು ದಾಕ್ಷಾಯಣಿ. "ಅವ್ವ ಜೀವಂತ ಇದ್ದಿದ್ರ ಆ ಕುಣಿಯೊಳಗ ಚಿಗವ್ವನ್ನ ಕೂಡಗೊಡತಿದ್ದಿಲ್ಲ."

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಅವನು ಕೇಳಿದ. ಗೂಟ ಸಿಕ್ಕವರು ಬಾಯಿ ಬಿಡಬಾರದಲ್ಲ ಎಂದು ಅವಳು ನಗಲು ನೋಡಿದಳು, ನಗು ಬರಲಿಲ್ಲ. "ಹೇಳಿದ್ರ ನೀ ನಿಲ್ಲಸತಿದ್ದಿ" ಎಂದಳು ಆಮೇಲೆ. ಈ ಡಬ್ಬಿಯಲ್ಲಿ ಉಸಿರು ಕಟ್ಟುತ್ತಿತ್ತು, ಗೋಡೆ ಒದೆಯಬೇಕೆನಿಸುತ್ತಿತ್ತು, ಆದರೂ ಜಗತ್ತಿನಲ್ಲಿ ಅವ್ವ ಬದುಕಿದ್ದ ಜಾಗ ಇದೊಂದೇ ಆಗಿತ್ತು. ಬಾಗಿಲು ದಾಟಿದರೆ ಅವಳು ಸಾಯುತ್ತಾಳೆ. ಎರಡು ವಾರದಿಂದ ಎಲ್ಲರೂ ಬಾಗಿಲು ತೆರೆಯುವ ದಿನ ಎಣಿಸುತ್ತಿದ್ದಾಗ ನಾನೊಬ್ಬಳೇ ಅದು ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದಳು.

ಆಮೇಲೆ ಗ್ಲಾಸಿನ ಕಡೆ ಕಣ್ಣು ತೋರಿಸಿ, "ನೀನ ಎತ್ತಬೇಕು. ಕಥಿ ನಿಂದು" ಎಂದಳು.

ಫಕೀರೇಶ ಕೈ ಚಾಚಿದ. ತಣ್ಣನೆಯ ಸ್ಟೀಲಿಗೆ ಬೆರಳು ತಾಗಿತು. ಎತ್ತಲು ಆಗಲಿಲ್ಲ. ಎತ್ತಿದರೆ ಆ ಬೈಗುಳ, ಆ ಮೊಣಕಾಲು ನೋವು, ಆ ನಗು ಎಲ್ಲ ಮುಗಿಯಿತು. ಅವಳ ತಾಯಿ ಒಮ್ಮೆ ಸತ್ತಿದ್ದಳು. ಇವನ ಬಸಲಿಂಗವ್ವ ಇನ್ನೂ ಸಾಯಬೇಕಿತ್ತು. ಅವನು ಕೈ ಹಿಂದೆಗೆದುಕೊಂಡು, ನನ್ನಿಂದ ಆಗುವುದಿಲ್ಲ ದಾಕ್ಷಾ ಎಂದ. ಬಾಗಿಲು ಹಾರುಹೊಡೆದು ತೆರೆದಿತ್ತು, ಹೊರಗಿನ ಗಾಳಿ ಬರುತ್ತಿತ್ತು, ಇಬ್ಬರೂ ಅಲುಗಾಡದೆ ಕೂತಿದ್ದರು.

ಹೆಜ್ಜೆಯ ಸದ್ದಾಯಿತು. ಪಾರವ್ವ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಡಾಕ್ಟರು ಮಾತಾಡುವವರೆಗೆ ಇರು ಎಂದು ಅವಳೊಬ್ಬಳನ್ನು ಮೇಲೆಯೇ ಕೂರಿಸಿದ್ದರು, ಕಾದು ಕಾದು ಸಾಕಾಗಿ, ತಡೆದವರನ್ನು ಸರಿಸಿ ಇಳಿದು ಬಂದಿದ್ದಳು. ಅವಳಿಗೆ ಹಡಗಿನವರೂ ಗೊತ್ತಿಲ್ಲ, ಗೂಟದವರೂ ಗೊತ್ತಿಲ್ಲ. ಅಕ್ಕನ ಮಗಳ ಒಣಗಿದ ತುಟಿ ನೋಡಿದಳು, ತಂಬಿಗೆ ನೋಡಿದಳು. ಬೋರಲು ಬಿದ್ದಿದ್ದ ಗ್ಲಾಸು ಎತ್ತಿ, ಸೆರಗಿನಿಂದ ಒಳಗೆಲ್ಲ ಒರೆಸಿ, ನೀರು ಬಗ್ಗಿಸಿ ಅವಳ ಕೈಗಿಟ್ಟಳು.

"ನೀರ ಕುಡಿ ಮೊದಲ" ಎಂದಳು. ಆಮೇಲೆ, ಇಷ್ಟು ಕಾಲ ಯಾರೆದುರಿಗೂ ಆಡಬಾರದೆಂದು ಕಟ್ಟಿಹಾಕಿದ್ದ ಮಾತು ಆಡಿದಳು. "ನಿಮ್ಮವ್ವ ಹ್ವಾದಳವಾ."

"ಹೂಂ ಚಿಗವ್ವಾ" ಎಂದಳು ದಾಕ್ಷಾಯಣಿ. ನೀರು ಕುಡಿದಳು. ಖಾಲಿ ಗ್ಲಾಸನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು, ಚಿಗವ್ವನ ಹೊಟ್ಟೆಗೆ ಮುಖ ಒತ್ತಿ ಅಳತೊಡಗಿದಳು. ಪಾರವ್ವ ಅವಳ ತಲೆ ಹಿಡಿದುಕೊಂಡು ತಾನೂ ದನಿಯೆತ್ತಿ ಅತ್ತಳು. ಈ ಸಲ ಯಾರೂ ಕೈಸನ್ನೆ ಮಾಡಲಿಲ್ಲ.